ಹಜಾರದ ಪಿಯಾನೋ

ಮಾರ್ಚ್ ೪

ಸುತ್ತಿಗೆ,

ನಿನ್ನ ಸೋದರತ್ತೆ ಇವತ್ತಿನ ಪತ್ರಿಕೆಯನ್ನು ನನ್ನ ಕಣ್ಣಿಗೆ ಬೀಳದ ಹಾಗೆ ತನ್ನ ದಿಂಬಿನ ಕೆಳಗೆ ಇಟ್ಟಿದ್ದಳು. ಮೂವತ್ತೈದು ವರ್ಷದಿಂದ ಚಹಾದ ಜೊತೆ ಪತ್ರಿಕೆ ಓದುವವನಿಗೆ "ಇವತ್ತು ಪೇಪರ್ ಬಂದಿಲ್ಲ ಕಣೋ" ಎಂದರೆ ಅನುಮಾನ ಬರದೆ ಇರುತ್ತದೆಯೇ? ಹುಡುಕಿ ತೆಗೆದೆ. ನಿಂತುಕೊಂಡೇ ಓದಿದೆ. ಚಹಾ ಆರಿಹೋಯಿತು, ನನ್ನ ಮೈ ಇನ್ನೂ ಉರಿಯುತ್ತಿದೆ.

ನೀನು ಓದಿರುತ್ತೀಯ. ಆದರೂ ಬರೆಯುತ್ತೇನೆ, ಬರೆದರೆ ಸ್ವಲ್ಪ ಉರಿ ಇಳಿದೀತು. "ಮೊದಲ ಆಲ್ಬಮ್ಮಿನಲ್ಲಿ ಕೇಳುಗರನ್ನು ಅಳಿಸಿದ ಈ ಸೋಲ್ ಸಂಗೀತದ ಗಾಯಕಿಗೆ ಎರಡನೆಯದರ ಹೊತ್ತಿಗೆ ಶ್ರುತಿಯೇ ಬೇಡವಾಗಿದೆ. 'ಹಜಾರ'ದ ಒಂಬತ್ತು ಹಾಡುಗಳಲ್ಲಿ ಆರರಲ್ಲಿ, ಮೇಲಿನ ಸ್ವರಗಳಿಗೆ ಹೋದಾಗಲೆಲ್ಲ ತುತ್ತೂರಿಗಳದ್ದೊಂದು ದಾರಿ, ಆಕೆಯದ್ದೊಂದು ದಾರಿ. ಹೊಗಳಿಕೆ ಕೆಲವರ ತಲೆಗೇರುತ್ತದೆ. ಈಕೆಯ ಕಿವಿಗೇರಿದೆ."

ಕಿವಿಗೇರಿದೆಯಂತೆ! ನಾಲ್ಕನೇ ವರ್ಷದಲ್ಲಿ ಪಿಯಾನೋ ಮೇಲೆ ಎರಡೂ ಮುಷ್ಟಿ ಬಡಿದು ಸುತ್ತಿಗೆ ಎಂಬ ಹೆಸರು ಸಂಪಾದಿಸಿದವಳು ನೀನು, ಒಪ್ಪಿದೆ. ಆದರೆ ಐದನೇ ವರ್ಷಕ್ಕೆ ಅಡುಗೆಮನೆಯ ಕೆಟಲು ಯಾವ ಸ್ವರದಲ್ಲಿ ಕೂಗುತ್ತಿದೆ ಎಂದು ಹಜಾರದಲ್ಲಿ ಕೂತು ಹೇಳುತ್ತಿದ್ದೆ. ಅಂಥವಳಿಗೆ ಶ್ರುತಿ ಇಲ್ಲ ಎನ್ನಲು ಇವನು ಯಾರು? ಕಾಗದದ ಮೇಲೆ ಹಾಡು ಕೇಳುವವನು! ನಾನು ಸುಮ್ಮನೆ ಬಿಡುವುದಿಲ್ಲ. ಆ ಹಾಡುಗಳನ್ನು ಹಾಡಿದ್ದು ಎಲ್ಲೋ ಅಲ್ಲ, ನಮ್ಮ ಹಜಾರದಲ್ಲಿ, ನಮ್ಮ ಪಿಯಾನೋದ ಜೊತೆ, ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆನ್ನು ಬಗ್ಗಿಸಿ ಶ್ರುತಿ ಮಾಡಿಕೊಟ್ಟ ಮೇಲೆ. ಅಲ್ಲಿ ಶ್ರುತಿ ತಪ್ಪುವುದಕ್ಕೆ ಜಾಗವೆಲ್ಲಿದೆ?

ಜಾಗ ಅಂದಾಗ ನೆನಪಾಯಿತು. ರೆಕಾರ್ಡಿನ ಹೊದಿಕೆಯ ಹಿಂದೆ ಎಲ್ಲರ ಹೆಸರೂ ಇದೆ. ಚಹಾ ಮಾಡಿಕೊಟ್ಟ ಅತ್ತೆ ಇದ್ದಾಳೆ. ಕಿಟಕಿಯಲ್ಲಿ ಮಲಗಿದ್ದ ಬೆಕ್ಕೂ ಇದೆ. ಶ್ರುತಿ ಮಾಡಿದವನು ಇಲ್ಲ. ಮೊದಲನೆಯದರಲ್ಲಿ ಆ ಸ್ಟುಡಿಯೋದ ಯಾವನೋ ಶ್ರುತಿಗಾರನ ಹೆಸರು ದಪ್ಪಕ್ಷರದಲ್ಲಿ ಹಾಕಿದ್ದೆಯಲ್ಲ. ಇರಲಿ, ನಾನೇನು ಹೆಸರಿಗೆ ಹಪಹಪಿಸುವವನಲ್ಲ. ಸುಮ್ಮನೆ ಕೇಳಿದೆ.

ಫೋನ್ ಮಾಡಬೇಡ. ಈಚೆಗೆ ಆ ಯಂತ್ರದಲ್ಲಿ ಮನುಷ್ಯರ ಮಾತೇ ಕೇಳುವುದಿಲ್ಲ, ಬರೀ ಗೊರಗೊರ. ಬಾಗಿಲ ಗಂಟೆಯೂ ಕೆಟ್ಟಿದೆ. ಎಲೆಕ್ಟ್ರಿಷಿಯನ್ ಎರಡು ಸಲ ಬಂದು "ಸರಿ ಇದೆ ಸಾರ್" ಎಂದು ಹೋದ. ಈ ಕಾಲದಲ್ಲಿ ಯಾರಿಗೂ ಕಸುಬು ಬರುವುದಿಲ್ಲ.

ನಿನ್ನ ಅಪ್ಪ

*

ಮಾರ್ಚ್ ೧೧

ಅಪ್ಪಾ,

ನಿನ್ನ ಕೋಪ ಓದಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ದಯವಿಟ್ಟು ಪತ್ರಿಕೆಗೆ ಏನೂ ಬರೆಯಬೇಡ. ವಿಮರ್ಶೆ ಎಂದ ಮೇಲೆ ನಾಲ್ಕು ಜನ ಹೊಗಳುತ್ತಾರೆ, ನಾಲ್ಕು ಜನ ತೆಗಳುತ್ತಾರೆ. ಈ ಸಲ ಎಂಟೂ ಜನ ತೆಗಳುವ ಕಡೆ ನಿಂತಿದ್ದಾರೆ, ಅಷ್ಟೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಬರೆದ. ರೇಡಿಯೋದವರು ಆ ಆರು ಹಾಡುಗಳನ್ನು ಹಾಕುವುದು ನಿಲ್ಲಿಸಿದ್ದಾರೆ. ಮೊನ್ನೆಯ ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಿಂದ ಯಾರೋ "ಮೇಡಮ್, ಶ್ರುತಿ!" ಎಂದು ಕೂಗಿದರು. ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ. ಹಾಡು ಮುಗಿಸಿದೆ, ಒಂದು ಸ್ವರವೂ ಅಲ್ಲಾಡಲಿಲ್ಲ. ಅದಕ್ಕೂ ಈಗ "ವೇದಿಕೆಯಲ್ಲಿ ಬರುತ್ತೆ, ರೆಕಾರ್ಡಿನಲ್ಲಿ ಅಸಡ್ಡೆ" ಎನ್ನುತ್ತಾರೆ. ಅನ್ನಲಿ ಬಿಡು.

ಹೊದಿಕೆಯ ಮೇಲೆ ಜಾಗ ಸಾಲಲಿಲ್ಲ, ಅದಕ್ಕೇ ನಿನ್ನ ಹೆಸರು ಬಿಟ್ಟುಹೋಯಿತು.

ಅತ್ತೆ ಪತ್ರ ಬರೆದಿದ್ದಾಳೆ. ಹೋದ ವಾರ ಬಾಗಿಲ ಹೊರಗೆ ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದಳಂತೆ, ನೀನು ಒಳಗೇ ಇದ್ದೆಯಂತೆ. ಅಪ್ಪಾ, ಒಂದು ಸಲ ಡಾಕ್ಟರ್ ಹತ್ತಿರ ಹೋಗಿ ಬರಬಾರದೇ? ಸುಮ್ಮನೆ, ಎಲ್ಲದಕ್ಕೂ ಒಟ್ಟಿಗೆ. ರಕ್ತದೊತ್ತಡ, ಮೊಣಕಾಲು, ಎಲ್ಲ.

ನಾನು ಈಗ ಇರುವ ಕೋಣೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿದೆ. ದಿನವಿಡೀ ಕೆಳಗೆ ಮೊಳೆ ಹೊಡೆಯುವ ಸದ್ದು. ಒಂದೇ ತಾಳ, ತಪ್ಪುವುದೇ ಇಲ್ಲ. ನಿನಗೆ ಇಷ್ಟವಾಗುತ್ತಿತ್ತು.

ಬರೆಯಬೇಡ ಅಂದರೆ ಬರೆಯಬೇಡ.

ನಿನ್ನ ಸುತ್ತಿಗೆ

*

ಮಾರ್ಚ್ ೧೯

ಸುತ್ತಿಗೆ,

ಜಾಗ ಸಾಲಲಿಲ್ಲವೇ? ಬೆಕ್ಕಿಗೆ ಸಾಲಿತು!

ಅದು ಹಾಗಿರಲಿ. ನನಗೆ ಹೊಟ್ಟೆ ಉರಿಯುತ್ತಿರುವುದು ನಿನ್ನ "ಅನ್ನಲಿ ಬಿಡು" ನೋಡಿ. ಯಾವಾಗಿನಿಂದ ಇಷ್ಟು ಪುಕ್ಕಲಿಯಾದೆ? ಶಾಲೆಯಲ್ಲಿ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸುವ ಮೇಷ್ಟರಿಗೆ "ಸಾರ್, ಮೂರನೇ ಸ್ವರ ಅಳ್ತಾ ಇದೆ" ಎಂದು ಎಲ್ಲರ ಮುಂದೆ ಹೇಳಿ ಬೆಂಚಿನ ಮೇಲೆ ನಿಂತವಳು ನೀನು. ಆ ಹುಡುಗಿ ಎಲ್ಲಿ ಹೋದಳು? ಊರೆಲ್ಲ ನಿನ್ನನ್ನು ಅಪಸ್ವರ ಎನ್ನುತ್ತಿದೆ, ನೀನು ಚಪ್ಪಲಿ ಅಂಗಡಿಯ ತಾಳ ಎಣಿಸಿಕೊಂಡು ಕೂತಿದ್ದೀಯ. ಥೂ!

ನೀನು ಹೋರಾಡದಿದ್ದರೆ ನಾನು ಹೋರಾಡುತ್ತೇನೆ, ಅದೂ ಬಾಯಿಮಾತಿನಲ್ಲಲ್ಲ, ಲೆಕ್ಕಾಚಾರದಲ್ಲಿ. ಮೂರು ದಿನ ನಾನು ಮಾಡಿದ್ದನ್ನು ಕೇಳು. ರೆಕಾರ್ಡ್ ಪ್ಲೇಯರನ್ನು ಪಿಯಾನೋ ಪಕ್ಕಕ್ಕೆ ಎಳೆದುಕೊಂಡೆ. ಮೊದಲು ತಟ್ಟೆ ಸರಿಯಾದ ವೇಗದಲ್ಲಿ ತಿರುಗುತ್ತಿದೆಯೇ ನೋಡಿದೆ. ಶ್ರುತಿಕವೆ ಮಂಡಿಗೆ ತಟ್ಟಿ ಕಿವಿಗೆ ಹಿಡಿದು, ಅದರ ಸ್ವರಕ್ಕೆ ರೆಕಾರ್ಡಿನ ಸ್ವರ ಹೊಂದಿಸಿದೆ. ಆಮೇಲೆ ನಿನ್ನ ಒಂದೊಂದು ಸ್ವರಕ್ಕೂ ಸೂಜಿ ಎತ್ತಿ, ಪಿಯಾನೋದ ಅದೇ ಕೀಲಿ ಒತ್ತಿ, ಅದು ಮೊಳಗುತ್ತಿರುವಾಗಲೇ ಮತ್ತೆ ಸೂಜಿ ಇಟ್ಟು, ಹೀಗೆ ಆರು ಹಾಡು. ಮುನ್ನೂರ ಹನ್ನೆರಡು ಸ್ವರ. ಎರಡು ಸದ್ದು ಹೊಂದದಿದ್ದರೆ ನಡುವೆ ಒಂದು ಅಲೆ ಕೇಳುತ್ತದೆ, ವಾಂಯ್ ವಾಂಯ್ ಎಂದು. ಆ ಅಲೆ ಸಾಯುವ ತನಕ ತಿರುಪು ತಿರುಗಿಸುವುದೇ ನನ್ನ ಜನ್ಮದ ಕೆಲಸ. ಮುನ್ನೂರ ಹನ್ನೆರಡರಲ್ಲಿ ಒಂದು ಕಡೆಯೂ ಅಲೆಯಿಲ್ಲ. ನಿನ್ನ ಗಂಟಲಿಗೂ ಪಿಯಾನೋಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಅತ್ತೆ ಹತ್ತಿ ಕಿವಿಯಲ್ಲಿಟ್ಟುಕೊಂಡು ತಿರುಗಾಡುತ್ತಿದ್ದಾಳೆ, "ಒಂದೇ ಸ್ವರಾನ ನೂರು ಸಲ ಕೇಳಿ ನಂಗೆ ಹುಚ್ಚು ಹಿಡಿಯುತ್ತೆ" ಅಂತ. ಹಿಡಿಯಲಿ. ಸಾಕ್ಷಿ ಸಿಕ್ಕಿತಲ್ಲ.

ವಿಮರ್ಶಕನಿಗೆ ಪತ್ರ ಬರೆಯುತ್ತಿದ್ದೇನೆ. ಅಪ್ಪ ಎಂದು ಹೇಳಿಕೊಳ್ಳುವುದಿಲ್ಲ. ಅಪ್ಪಂದಿರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಒಬ್ಬ ಶ್ರುತಿಗಾರ, ಅಷ್ಟೇ. ನಿನ್ನ ಅಪ್ಪನೂ ಸ್ವಲ್ಪ ಜಾಣ.

ಡಾಕ್ಟರ್ ಹತ್ತಿರ ನನಗೇನು ಕೆಲಸ?

ನಿನ್ನ ಅಪ್ಪ

*

ಮಾರ್ಚ್ ೨೨

ಮಾನ್ಯ ವಿಮರ್ಶಕರೇ,

"ಹಜಾರ" ಎಂಬ ಆಲ್ಬಮ್ಮಿನ ಬಗ್ಗೆ ತಾವು ಬರೆದ ನಾಲ್ಕು ಕಾಲಮ್ಮುಗಳನ್ನು ಓದಿದೆ. ಅದರಲ್ಲಿ ಅಕ್ಷರದ ತಪ್ಪು ಒಂದೂ ಇರಲಿಲ್ಲ. ಅಷ್ಟರ ಮಟ್ಟಿಗೆ ಅಭಿನಂದನೆಗಳು.

ನಾನು ಮೂವತ್ತೈದು ವರ್ಷಗಳಿಂದ ಪಿಯಾನೋ ಶ್ರುತಿ ಮಾಡುತ್ತ ಬಂದವನು. ತಾವು ಕಚೇರಿ ಕೇಳಲು ಹೋಗುವ ದೊಡ್ಡ ಸಭಾಂಗಣದ ಪಿಯಾನೋ ಕೂಡ ನನ್ನ ಕೈಯಲ್ಲೇ ಇದೆ. ತಾವು ಅಲ್ಲಿ "ನಿರ್ದೋಷ ನಾದ" ಎಂದು ಬರೆದಾಗಲೆಲ್ಲ ನನ್ನ ಕೆಲಸವನ್ನೇ ಹೊಗಳುತ್ತಿದ್ದಿರಿ. ಈ ಆಲ್ಬಮ್ಮನ್ನು ಯಾವ ಪಿಯಾನೋದ ಜೊತೆ ಹಾಡಲಾಯಿತೋ ಅದೇ ಪಿಯಾನೋದ ಮುಂದೆ ಕೂರುವ ಅವಕಾಶ ನನಗೆ ಸಿಕ್ಕಿತು. ತಾವು ತಪ್ಪಿದೆ ಎಂದ ಆರೂ ಹಾಡುಗಳ ಒಂದೊಂದು ಸ್ವರವನ್ನೂ ಆ ಪಿಯಾನೋಗೆ ಹೋಲಿಸಿ ನೋಡಿದ್ದೇನೆ. ಪಟ್ಟಿ ಇದರೊಂದಿಗಿದೆ, ಹನ್ನೊಂದು ಹಾಳೆ. ಎಳ್ಳಷ್ಟೂ ತಪ್ಪಿಲ್ಲ.

ಒಬ್ಬ ಹಾಡುಗಾರ್ತಿಗೆ ಶ್ರುತಿಯಿಲ್ಲ ಎನ್ನುವುದು ಬಡಗಿಗೆ ಕೈಯಿಲ್ಲ ಎಂದ ಹಾಗೆ. ಆಮೇಲೆ ಅವನ ಹತ್ತಿರ ಯಾರೂ ಕುರ್ಚಿ ಮಾಡಿಸುವುದಿಲ್ಲ. ತಾವು ಅರ್ಧ ತಾಸಿನಲ್ಲಿ ಬರೆದು ಊಟಕ್ಕೆ ಎದ್ದಿರಿ. ಅವಳು ಎರಡು ವರ್ಷ ಹಾಡಿದ್ದಳು. ಪಟ್ಟಿಯನ್ನು ಪರೀಕ್ಷಿಸಿ, ಬರೆದದ್ದನ್ನು ಹಿಂತೆಗೆದುಕೊಳ್ಳಿ. ಉತ್ತರವನ್ನು ಆ ಸಭಾಂಗಣದ ವಿಳಾಸಕ್ಕೆ ಬರೆಯಬಹುದು. ಸಾಧ್ಯವಾದರೆ ಒಬ್ಬ ಒಳ್ಳೆಯ ಕಿವಿ ಡಾಕ್ಟರನ್ನೂ ಕಾಣಿರಿ.

ಇಂತು,
ಒಬ್ಬ ಶ್ರುತಿಗಾರ

*

ಏಪ್ರಿಲ್ ೯

ಗೌರವಾನ್ವಿತ ಶ್ರುತಿಗಾರರೇ,

ನಿಮ್ಮ ಪತ್ರ ಬಂದಾಗ ಕೋಪ ಬಂತು. ಪಟ್ಟಿ ನೋಡಿದ ಮೇಲೆ ನಾಚಿಕೆಯಾಯಿತು. ಹನ್ನೊಂದು ಹಾಳೆ ಬರೆಯುವಷ್ಟು ಗಮನವಿಟ್ಟು ನನ್ನ ಬರಹವನ್ನು ಯಾರೂ ಈವರೆಗೆ ಬೈದಿರಲಿಲ್ಲ. ಕಿವಿ ಡಾಕ್ಟರನ್ನೂ ಕಂಡೆ. ಸ್ವಲ್ಪ ಗುಗ್ಗೆ ತೆಗೆದರು, ಬೇರೇನೂ ತೊಂದರೆ ಇಲ್ಲವೆಂದರು.

ನಿಮ್ಮ ಪಟ್ಟಿ ಹಿಡಿದುಕೊಂಡು ಒಂದು ಧ್ವನಿ ಪ್ರಯೋಗಶಾಲೆಗೆ ಹೋದೆ. ಸ್ವರ ಅಳೆಯುವ ಯಂತ್ರದ ಮುಂದೆ ಆ ಹಾಡುಗಳನ್ನು ಹಾಕಿಸಿದೆ. ನೀವು ಹೇಳಿದ್ದು ಪೂರ್ತಿ ನಿಜ. ಆಕೆಯ ದನಿ ಎಲ್ಲಿಯೂ ಪಿಯಾನೋವನ್ನು ಬಿಟ್ಟು ಹೋಗುವುದಿಲ್ಲ. ಪಿಯಾನೋ ಹಿನ್ನೆಲೆಯಲ್ಲಿ ಮೆಲ್ಲಗಿರುವುದರಿಂದ ನಾನು ಅದನ್ನು ಗಮನಿಸಿರಲಿಲ್ಲ. ಆಮೇಲೆ ಬೇರೆ ಕಡೆ ಮುದ್ರಿಸಿ ಸೇರಿಸಿದ ತುತ್ತೂರಿಗಳು ಎದ್ದು ಕೇಳುತ್ತಿದ್ದವು. ಅವುಗಳ ಜೊತೆ ಘರ್ಷಣೆ ಕೇಳಿಸಿತು, ತಪ್ಪನ್ನು ಗಾಯಕಿಯ ಮೇಲೆ ಹೊರಿಸಿದೆ.

ಆದರೆ ಯಂತ್ರ ಇನ್ನೊಂದು ಸಂಗತಿಯನ್ನೂ ತೋರಿಸಿತು. ನಡುವಿನ ಕೀಲಿಯಿಂದ ಕೆಳಗೆ ಪಿಯಾನೋ ಸರಿಯಾಗಿದೆ. ಅಲ್ಲಿಂದ ಮೇಲಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಿದೆ. ತುತ್ತೂರಿ ಸರಿ, ಪಿಯಾನೋ ತಪ್ಪು. ಆಕೆ ತಪ್ಪಿದ ಪಿಯಾನೋದ ಜೊತೆ ಪ್ರತಿ ಸ್ವರದಲ್ಲೂ, ಅದು ಎಷ್ಟು ಏರಿದೆಯೋ ಅಷ್ಟೇ ಏರಿ ಹಾಡಿದ್ದಾರೆ. ಹಾಗೆ ಹಾಡಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅಂಥವರಿಗೆ ಕಿವಿಯಿಲ್ಲವೆಂದು ಬರೆದೆ.

ತಿದ್ದುಪಡಿ ಬರೆಯಲು ಸಿದ್ಧನಿದ್ದೇನೆ, ಅದೇ ನಾಲ್ಕು ಕಾಲಮ್ಮಿನಲ್ಲಿ. ಆದರೆ ಒಬ್ಬರ ತಪ್ಪನ್ನು ವಿಚಾರಿಸದೆ ಇನ್ನೊಬ್ಬರ ತಲೆಗೆ ಕಟ್ಟಿ ಒಮ್ಮೆ ಕೆಟ್ಟಿದ್ದೇನೆ. ಈ ಸಲ ಪಿಯಾನೋ ತಪ್ಪೆಂದು ಬರೆಯುವ ಮೊದಲು ಅದನ್ನು ಶ್ರುತಿ ಮಾಡಿದವರ ಮಾತನ್ನೂ ಕೇಳಬೇಕು. ಹೊದಿಕೆಯ ಮೇಲೆ ಅವರ ಹೆಸರಿಲ್ಲ. ಗಾಯಕಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ನೀವು ಅದೇ ಕಸುಬಿನವರು, ನಿಮಗೆ ಗೊತ್ತಿರಬಹುದು. ಆ ಪಿಯಾನೋಗೆ ಶ್ರುತಿ ಮಾಡಿದವರು ಯಾರು?

ವಂದನೆಗಳೊಂದಿಗೆ,
ಪತ್ರಿಕೆಯ ಸಂಗೀತ ವಿಮರ್ಶಕ

*

ಮೇ ೨

ಅಪ್ಪಾ,

ಆರು ವಾರವಾಯಿತು ನಿನ್ನ ಪತ್ರವಿಲ್ಲ. ಬೈದು ಒಂದು ಕಾರ್ಡನ್ನಾದರೂ ಹಾಕು. ಅತ್ತೆ ಬರೆದಿದ್ದಾಳೆ, ಪಿಯಾನೋ ಮುಚ್ಚಳ ಹಾಕಿ ಅದರ ಮೇಲೆ ಇಸ್ತ್ರಿ ಬಟ್ಟೆ ಜೋಡಿಸಿಟ್ಟಿದ್ದೀಯಂತೆ. ಇಪ್ಪತ್ತು ವರ್ಷ ಅದರ ಮೇಲೆ ಒಂದು ಲೋಟ ಇಡಲು ಬಿಟ್ಟವನಲ್ಲ ನೀನು.

ಆ ವಿಮರ್ಶಕ ನಿನಗೇನಾದರೂ ಬರೆದನೇ?

ಸುತ್ತಿಗೆ

*

ಮೇ ೧೦

ಮಗಳೇ,

ಬರೆದ. ಪತ್ರದ ಜೊತೆ ಇಟ್ಟಿದ್ದೇನೆ, ಓದಿಕೋ.

ಮೊದಲ ದಿನ ಅವನ ಯಂತ್ರ ಕೆಟ್ಟಿದೆ ಎಂದುಕೊಂಡೆ. ಎರಡನೇ ದಿನ ಅವನೇ ಕೆಟ್ಟವನು ಎಂದುಕೊಂಡೆ. ಹದಿನೈದು ದಿನ ಹೀಗೇ ಹೋಯಿತು. ಆಮೇಲೆ ನನ್ನ ಶಿಷ್ಯೆಯನ್ನು ಕರೆಸಿದೆ. ನಿನಗೆ ಗೊತ್ತಲ್ಲ, ಎಂಟು ವರ್ಷ ನನ್ನ ಚೀಲ ಹೊತ್ತು ಕಲಿತು ಈಗ ಸ್ವಂತವಾಗಿ ಕೆಲಸ ಮಾಡುತ್ತಿರುವವಳು. "ನಾನು ಗೋಡೆ ಕಡೆ ಮುಖ ಮಾಡಿ ಕೂರ್ತೀನಿ. ನೀನು ತುತ್ತತುದಿಯಿಂದ ಒಂದೊಂದೇ ಕೀಲಿ ಒತ್ತುತ್ತಾ ಕೆಳಗೆ ಬಾ. ಸದ್ದು ಕೇಳಿಸಿದ ಕೂಡಲೆ ನಾನು ಕೈ ಎತ್ತುತ್ತೀನಿ" ಅಂದೆ. ಕೂತೆ. ಗಡಿಯಾರದ ಟಕ್ ಟಕ್ ಬಿಟ್ಟರೆ ಏನೂ ಇಲ್ಲ. "ಶುರು ಮಾಡೇ, ಎಷ್ಟು ಹೊತ್ತು?" ಅಂದೆ. ತಿರುಗಿ ನೋಡಿದರೆ ಅವಳು ಹನ್ನೊಂದನೇ ಕೀಲಿಯಲ್ಲಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಕೋಣೆಯಲ್ಲಿ ಗಡಿಯಾರವೇ ಇಲ್ಲ, ರಿಪೇರಿಗೆ ಕೊಟ್ಟು ತಿಂಗಳಾಗಿದೆ. ನಾನು ಕೇಳಿದ್ದು ಕೀಲಿಯ ಮರದ ಸದ್ದು.

ಆಮೇಲೆ ಎಲ್ಲ ಹೊರಗೆ ಬಂತು. ಒಂದು ವರ್ಷದಿಂದ ದೊಡ್ಡ ಸಭಾಂಗಣದಲ್ಲಿ ನಾನು ಶ್ರುತಿ ಮಾಡಿ ಮನೆಗೆ ಬಂದ ಮೇಲೆ ಇವಳು ಹಿಂದಿನ ಬಾಗಿಲಿನಿಂದ ಹೋಗಿ ಮೇಲಿನ ಅರ್ಧವನ್ನು ಮತ್ತೆ ಮಾಡುತ್ತಿದ್ದಳಂತೆ. ಮ್ಯಾನೇಜರನಿಗೆ ಗೊತ್ತು. ಕಾವಲುಗಾರನಿಗೆ ಗೊತ್ತು. ನಿನ್ನ ಅತ್ತೆಗೂ ಗೊತ್ತು! ಎಲೆಕ್ಟ್ರಿಷಿಯನ್ ಕೂಡ "ಸಾರ್‌ಗೆ ಬೇಜಾರಾಗುತ್ತೆ" ಎಂದು ಸುಮ್ಮನೆ ಹೋಗಿದ್ದನಂತೆ. ನೀವೆಲ್ಲ ಸೇರಿ ನನ್ನನ್ನು ಕಟ್ಟೆ ಮೇಲಿನ ಬೊಂಬೆ ಮಾಡಿ ಕೂರಿಸಿದಿರಿ. ನಾನು ಎಲ್ಲರ ಮುಂದೆ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ಅವರನ್ನು ಬಿಡು. ನೀನು? ಕೆಟಲಿನ ಸ್ವರ ಹೇಳುತ್ತಿದ್ದವಳಿಗೆ ಅವತ್ತು ಹಜಾರದಲ್ಲಿ ಕೇಳಿಸಲಿಲ್ಲ ಎಂದರೆ ನಾನು ನಂಬುವುದಿಲ್ಲ. ಕೇಳಿಸಿತು. ಕೇಳಿಯೂ ಬಾಯಿ ಮುಚ್ಚಿಕೊಂಡೆ. ನಿನ್ನ ಎರಡು ವರ್ಷದ ಕೆಲಸ, ನಿನ್ನ ಹೆಸರು, ನಿನ್ನ ಗಂಟಲು, ಎಲ್ಲವನ್ನೂ ಈ ಮುದುಕನ ಕಿವಿಗೆ ಸುರಿದೆ. ಯಾರು ಕೇಳಿದರು ನಿನ್ನನ್ನು? ಕನಿಕರ ಬೇಕೆಂದು ನಾನು ಯಾವತ್ತು ಕೈಚಾಚಿದ್ದೆ? ಹೊದಿಕೆಯ ಮೇಲೆ ಜಾಗ ಸಾಲಲಿಲ್ಲ ಎಂದೆಯಲ್ಲ, ಆ ಸುಳ್ಳು ಬರೆಯಲು ನಿನಗೆ ಹೇಗೆ ಮನಸ್ಸು ಬಂತು?

ನಾನು ನಿನ್ನನ್ನು ಪುಕ್ಕಲಿ ಎಂದು ಬೈದೆ. ಆಗಲಾದರೂ ಹೇಳಬಹುದಿತ್ತು.

ಅಪ್ಪ

*

ಮೇ ೧೮

ಅಪ್ಪಾ,

ನೀನು ಬೈದದ್ದು ಆಯಿತು. ಈಗ ನನ್ನ ಸರದಿ. ಕೂತು ಓದು, ಎದ್ದು ಓಡಾಡಬೇಡ.

ಅವತ್ತು ಬೆಳಿಗ್ಗೆ ನೀನು ಒಗೆದ ಅಂಗಿ ಹಾಕಿಕೊಂಡು ಬಂದೆ. ತಂತಿಗಳ ನಡುವೆ ತೂರಿಸುವ ಆ ಕೆಂಪು ಉಣ್ಣೆಪಟ್ಟಿ ಹೆಗಲ ಮೇಲಿತ್ತು. ದಪ್ಪ ಕನ್ನಡಕದವನು, ಧ್ವನಿ ಮುದ್ರಿಸಲು ಬಂದಿದ್ದವನು, ಅಡುಗೆಮನೆಯಲ್ಲಿ ಅತ್ತೆಯ ಎರಡನೇ ಚಹಾ ಕುಡಿಯುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ನೀನು ಕೆಲಸ ಮಾಡುವುದನ್ನು ನೋಡುತ್ತಿದ್ದೆ. ಕೆಳಗಿನ ಅರ್ಧ ಮುಗಿಯುವವರೆಗೆ ಸುಖವಾಗಿತ್ತು. ಮೇಲಿನ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ವರ ಏರುತ್ತಿದೆ ಅನ್ನಿಸಿತು. ನಾಲ್ಕನೇ ತಂತಿಯ ಹೊತ್ತಿಗೆ ಖಾತ್ರಿಯಾಯಿತು. ಒಳಗಿನಿಂದ ದಪ್ಪ ಕನ್ನಡಕದವನು ಲೋಟ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನನ್ನ ಮುಖ ನೋಡಿದ. ನಾನು ಏನೂ ಹೇಳಬೇಡ ಎಂದು ತಲೆ ಅಲ್ಲಾಡಿಸಿದೆ. ಅವನು ಹಿಂದೆ ಹೋದ.

ಆಗಲೂ ಹೇಳೋಣ ಎಂದೇ ಇದ್ದೆ. ನಿಜವಾಗಿಯೂ. ಎದ್ದು ಬಂದು ನಿನ್ನ ಪಕ್ಕ ನಿಂತೂ ಇದ್ದೆ. ಆಗ ನೀನು ಕೈ ಒರೆಸಿಕೊಂಡು, ಒಂದು ಮೇಲಿನ ಸ್ವರ ಒತ್ತಿ, ನನ್ನ ಕಡೆ ತಿರುಗಿ ಕೇಳಿದೆ: "ಏನೇ, ಸರಿ ಇದೆಯಾ?"

ಅಪ್ಪಾ, ನನಗೆ ನೆನಪಿರುವಷ್ಟು ಕಾಲದಲ್ಲಿ ನೀನು ಆ ಪ್ರಶ್ನೆಯನ್ನು ಯಾರಿಗೂ ಕೇಳಿದವನಲ್ಲ. ದೊಡ್ಡ ದೊಡ್ಡ ವಾದಕರು ನಿನ್ನನ್ನು ಕೇಳುತ್ತಿದ್ದರು. "ಸರಿ ಇದೆ" ಎಂದು ನೀನೇ ಹೇಳಿ ಮುಚ್ಚಳ ಇಳಿಸಿ ಹೊರಡುತ್ತಿದ್ದೆ. ಅವತ್ತು ಕೇಳಿದೆ. ನಿನ್ನ ಮುಖದಲ್ಲಿ ಹೆದರಿಕೆ ಇತ್ತು. ನನ್ನ ಬಾಯಿಗೆ ಬಂದದ್ದು ಒಂದೇ: "ಸರಿ ಇದೆ ಅಪ್ಪ."

ಅದು ಸುಳ್ಳು. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಆಮೇಲೆ ಹಾಡಿದ್ದು ಸುಳ್ಳಲ್ಲ, ಕನಿಕರವೂ ಅಲ್ಲ. ಚಿಕ್ಕವಳಿದ್ದಾಗ ನಿನ್ನ ಜೊತೆ ಮನೆಮನೆಗೆ ಬರುತ್ತಿದ್ದೆನಲ್ಲ, ಆಗ ನೀನು ಹೇಳಿದ್ದು ನೆನಪಿದೆಯೇ? "ಪಿಯಾನೋ ಜಾಗ ಬಿಟ್ಟು ಕದಲಲ್ಲ, ಗಂಟಲು ಕದಲುತ್ತೆ. ತಲೆಯೊಳಗಿನ ಪಿಯಾನೋಗೆ ಹಾಡಬೇಡ, ಎದುರಿಗಿರೋದಕ್ಕೆ ಹಾಡು." ಹಾಡಿದೆ. ಪ್ರತಿ ಮೇಲಿನ ಸ್ವರಕ್ಕೂ ನಿನ್ನ ಕಿವಿ ಎಲ್ಲಿದೆಯೋ ಅಲ್ಲಿಗೆ ಹುಡುಕಿಕೊಂಡು ಹೋದೆ. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ, ಇಷ್ಟು ಚೆನ್ನಾಗಿಯೂ ಹಾಡಿಲ್ಲ. ತುತ್ತೂರಿಯವನು ಜಗಳವಾಡಿ ಎರಡು ದಿನ ಮಾತು ಬಿಟ್ಟ. "ಪಿಯಾನೋ ಭಾಗ ಬೇರೆ ಕಡೆ ಮತ್ತೆ ಮಾಡೋಣ" ಎಂದು ಕಂಪನಿಯವರು ಬೇಡಿಕೊಂಡರು. ಆಗುವುದಿಲ್ಲ ಎಂದೆ. ಅವರು ಎಂಟು ಜನ ನನ್ನನ್ನು ಅಪಸ್ವರ ಎಂದಾಗ ನನಗೆ ಉರಿಯಲಿಲ್ಲ ಎಂದುಕೊಂಡೆಯಾ? ದಿನಾ ಉರಿಯಿತು. ನೀನು ಪುಕ್ಕಲಿ ಎಂದಾಗ ಮಾತ್ರ ಪತ್ರ ಹರಿದು ಬಿಸಾಡಿದೆ, ಆಮೇಲೆ ಚೂರು ಹೆಕ್ಕಿ ಅಂಟಿಸಿಕೊಂಡೆ.

ನಿನ್ನ ಹೆಸರು ಹೊದಿಕೆಯ ಮೇಲೆ ಹಾಕಿದ್ದರೆ ಮೊದಲ ವಾರವೇ ಯಾರಾದರೂ ಬೆರಳು ತೋರಿಸುತ್ತಿದ್ದರು. ಅದಕ್ಕೇ ಬಿಟ್ಟೆ. ಅಪ್ಪಾ, ಆ ವಿಮರ್ಶಕನಿಗೆ ಉತ್ತರ ಬರೆಯಬೇಡ. ಅವನು ಕಾಯುತ್ತಾನೆ, ಆಮೇಲೆ ಮರೆಯುತ್ತಾನೆ. ಜನ ಮೂರನೇ ಆಲ್ಬಮ್ಮು ಕೇಳುತ್ತಾರೆ. ನಿನಗೆ ಇನ್ನೊಂದು ಮೂವತ್ತೈದು ವರ್ಷವಿಲ್ಲ. ನನಗಿದೆ.

ಇದನ್ನು ಓದಿ ನಿನಗೆ ಕೋಪ ಬರುತ್ತದೆ ಎಂದು ಗೊತ್ತು. ಬರಲಿ.

ನಿನ್ನ ಸುತ್ತಿಗೆ

*

ಜೂನ್ ೭

ಸುತ್ತಿಗೆ,

ಬಂತು. ಮೂರು ದಿನ ಬಂತು.

ನಿನಗೆ ಮೂವತ್ತೈದು ವರ್ಷವಿದೆ, ನನಗಿಲ್ಲ ಎಂದು ಬರೆದೆಯಲ್ಲ, ಹೆತ್ತ ಅಪ್ಪನಿಗೆ ಬರೆಯುವ ಮಾತೇ ಅದು? ಆದರೆ ಅಲ್ಲೇ ನಿನ್ನ ಲೆಕ್ಕ ತಪ್ಪಿದೆ. ಉಳಿದಿರುವುದು ಕಡಿಮೆ ಇರುವವನೇ ಕಳೆದುಕೊಳ್ಳಬೇಕು. ಅದೂ ತಪ್ಪು ಮಾಡಿದವನು ನಾನೇ ಆಗಿರುವಾಗ ಇದರಲ್ಲಿ ಯೋಚನೆ ಮಾಡುವುದೇನಿದೆ? ನಿನ್ನ ಮಾತು ಮೀರಿ ವಿಮರ್ಶಕನಿಗೆ ಬರೆದೆ. ಇಷ್ಟು ಹೊತ್ತಿಗೆ ಅಚ್ಚಾಗಿ ನಿನ್ನ ಕೈ ಸೇರಿರುತ್ತದೆ, ಆದರೂ ನನ್ನ ಅಕ್ಷರದಲ್ಲೇ ಓದು:

"ಮಾನ್ಯರೇ, ಆ ಪಿಯಾನೋಗೆ ಶ್ರುತಿ ಮಾಡಿದವನು ನಾನು. ನಾನು ಗಾಯಕಿಯ ತಂದೆ. ನನ್ನ ಕಿವಿ ಹೋಗಿರುವುದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟೆ, ಅದು ನಿಜವಲ್ಲ. ಗೊತ್ತಿತ್ತು, ಒಪ್ಪಿರಲಿಲ್ಲ. ತಪ್ಪು ನನ್ನದು, ಹಾಡಿದವಳದ್ದು ಅಲ್ಲ. ಅವಳ ಕಿವಿಯ ಬಗ್ಗೆ ಬರೆದ ವಾಕ್ಯವನ್ನು ಹಿಂತೆಗೆದುಕೊಂಡು ನನ್ನ ಕಿವಿಯ ಬಗ್ಗೆ ಬೇಕಾದ್ದನ್ನು ಬರೆಯಿರಿ. ನನ್ನ ಹೆಸರನ್ನು ಅಕ್ಷರ ತಪ್ಪದೆ ಹಾಕಿ."

ಹಾಕಿದ್ದಾನೆ. ಬೈದಿಲ್ಲ, ಅದೇ ನನಗೆ ಸಿಟ್ಟು. ನಾಲ್ಕು ಕಾಲಮ್ಮಿನಲ್ಲಿ ಮೂರು ನಿನ್ನ ಬಗ್ಗೆ ಇದೆ, ಅಷ್ಟರ ಮಟ್ಟಿಗೆ ಕ್ಷಮಿಸಿದ್ದೇನೆ. ಸಭಾಂಗಣದ ಕೀಲಿಕೈಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಇನ್ನು ಮೇಲೆ ಶಿಷ್ಯೆ ಮುಂದಿನ ಬಾಗಿಲಿನಿಂದ ಬರಬೇಕು ಎಂದು ಹೇಳಿ ಬಂದೆ. ಹೊದಿಕೆ ಮತ್ತೆ ಅಚ್ಚಾದಾಗ ನನ್ನ ಹೆಸರು ಇರಲೇಬೇಕು. ಬೆಕ್ಕಿನ ಕೆಳಗಾದರೂ ಸರಿ.

ಅವತ್ತು "ಸರಿ ಇದೆಯಾ" ಎಂದು ಕೇಳಿದ್ದು ನನಗೂ ನೆನಪಿದೆ. ಸ್ವರ ಇನ್ನೂ ಆರಿರಲಿಲ್ಲ, ನೀನು ಉತ್ತರ ಕೊಟ್ಟುಬಿಟ್ಟೆ. ನಿಜವಾಗಿ ಕೇಳಿಸಿಕೊಳ್ಳುವವರು ಸ್ವರ ಪೂರ್ತಿ ಆರುವ ತನಕ ಕಾಯುತ್ತಾರೆ, ನಾನೇ ನಿನಗೆ ಕಲಿಸಿದ್ದು. ಆಗಲೇ ನನಗೆ ತಿಳಿಯಿತು. ತಿಳಿದೂ ಉಣ್ಣೆಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಅಡುಗೆಮನೆಗೆ ಹೋಗಿ ಕೂತೆ. ಹಾಗಾಗಿ ಸುಳ್ಳು ಹೇಳಿದವಳು ನೀನೊಬ್ಬಳೇ ಅಲ್ಲ.

ಶಿಷ್ಯೆ ಮೊನ್ನೆ ಪಿಯಾನೋ ಸರಿ ಮಾಡಲು ಬಂದಿದ್ದಳು. ಇಸ್ತ್ರಿ ಬಟ್ಟೆ ಎತ್ತಿ, ಮುಚ್ಚಳ ತೆಗೆದು, ಚೀಲ ಬಿಚ್ಚಿದಳು. ಕೆಳಗಿನ ಅರ್ಧ ನೋಡಿ ಮೇಲಕ್ಕೆ ಕೈ ಹಾಕುವಾಗ ನಾನು ತಡೆದೆ. "ಯಾಕೆ ಸಾರ್?" ಅಂದಳು. "ಆ ಆರು ಹಾಡು ಇಡೀ ಪ್ರಪಂಚದಲ್ಲಿ ಈ ಒಂದು ಪಿಯಾನೋ ಜೊತೆ ಮಾತ್ರ ಹೊಂದುತ್ತೆ ಕಣೇ. ಅವಳು ಬಂದು ಒಂದು ಸಲ ಹಾಡಿ ಹೋಗಲಿ. ಆಮೇಲೆ ಸರಿ ಮಾಡು" ಅಂದೆ. ತಪ್ಪಿದ ಶ್ರುತಿಯನ್ನು ಬೇಕೆಂದೇ ಮನೆಯಲ್ಲಿ ಇಟ್ಟುಕೊಂಡಿರುವುದು ಇದೇ ಮೊದಲು. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಮೈ ಉರಿಯುತ್ತದೆ. ಹಾಗಾಗಿ ಬೇಗ ಬಾ.

ಮೇಲಿನ ಸ್ವರ ಎಷ್ಟು ಕೇಳಿಸುತ್ತದೋ ಗೊತ್ತಿಲ್ಲ. ಈ ಸಲ ನಾನು ಅಡುಗೆಮನೆಯಲ್ಲಿ ಕೂರುವುದಿಲ್ಲ, ಪಿಯಾನೋಗೆ ಬೆನ್ನು ಕೊಟ್ಟು ಕೂರುತ್ತೇನೆ. ಮರದಿಂದ ಸ್ವಲ್ಪ ಮೈಗೆ ಬರುತ್ತದೆ, ಪರೀಕ್ಷೆ ಮಾಡಿ ನೋಡಿದ್ದೇನೆ.

ಬಂದಾಗ ಗಂಟೆ ಒತ್ತಿಕೊಂಡು 'ಅಪ್ಪ ಬರಲಿಲ್ಲ' ಎಂದು ಹೊರಗೆ ನಿಲ್ಲಬೇಡ. ಗಂಟೆ ಕೆಟ್ಟಿಲ್ಲ. ಎರಡೂ ಮುಷ್ಟಿಯಲ್ಲಿ ಬಾಗಿಲು ಬಡಿ.

ನಿನ್ನ ಅಪ್ಪ